ಕೆಮ್ಮಿಗೆಲ್ಲ ಆ್ಯಂಟಿಬಯೋಟಿಕ್ ಬೇಕೆ?



ಚಳಿಗಾಲ ಬಂತೆಂದರೆ ವಾಗದರಿ, ಅಕ್ಕಲಕೋಟೆ ಕಡೆಯ ನಮ್ಮ ಊರುಗಳಲ್ಲಿ ಮನೆಮನೆಯ ಮಕ್ಕಳಿಗೂ ನೆಗಡಿ, ಕೆಮ್ಮು. ರಾಶಿಯ ದೂಳು, ಒಲೆಯ ಹೊಗೆ ಸೇರಿದರೆ ಕೆಮ್ಮು ಇನ್ನಷ್ಟು ಹೆಚ್ಚು. ರಾತ್ರಿಯೆಲ್ಲ ಮಗು ಕೆಮ್ಮಿದರೆ ತಾಯಿಗೆ ನಿದ್ದೆಯಿಲ್ಲ. ಬೆಳಗಾದರೆ ಕೂಲಿ ಬಿಟ್ಟು ದವಾಖಾನೆಗೆ ಓಡಬೇಕು. ಸೊಲ್ಲಾಪುರಕ್ಕೆ ಹೋಗಿ ಬಂದರಂತೂ ಒಂದು ದಿನದ ದುಡಿಮೆಯೇ ಹೋಯಿತು. ಆದ್ದರಿಂದಲೇ, "ಡಾಕ್ಟರೇ, ಒಂದೇ ಸಲಕ್ಕೆ ವಾಸಿ ಆಗೋ ಹಂಗ ಜೋರಿನ ಔಷಧಿ ಕೊಡ್ರಿ" ಎಂಬ ಮಾತು ನಮ್ಮ ಬಾಯಿಗೆ ಬರುತ್ತದೆ. ಬರೀ ಜ್ವರದ ಸಿರಪ್ ಬರೆದುಕೊಟ್ಟರೆ, "ಈ ಡಾಕ್ಟರು ಏನೂ ಕೊಡಲಿಲ್ಲ" ಎಂದು ಬೇರೆ ದವಾಖಾನೆ ಹುಡುಕುವವರೂ ಇದ್ದಾರೆ. ಹೀಗೆ ಹುಡುಕುತ್ತಾರೆಂದು ಗೊತ್ತಿರುವ ವೈದ್ಯರು, ಬೇಕಿಲ್ಲದಿದ್ದರೂ ಒಂದು ಆ್ಯಂಟಿಬಯೋಟಿಕ್ ಬರೆದುಬಿಡುತ್ತಾರೆ.

ಇದರಿಂದ ಮಗುವಿಗೆ ಒಳ್ಳೆಯದಾಗುತ್ತದೆಯೇ? ಮಕ್ಕಳ ನೆಗಡಿ, ಕೆಮ್ಮು, ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್‌ಗಳಿಂದ ಬರುತ್ತವೆ. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು ಮಾತ್ರ. ವೈರಸ್ಸಿನ ಮೇಲೆ ಅದರ ಆಟ ನಡೆಯುವುದಿಲ್ಲ. ಮೂಗಿನ ಸಿಂಬಳ ಹಳದಿ ಅಥವಾ ಹಸಿರಾಯಿತೆಂದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು ಎಂಬ ನಂಬಿಕೆಯೂ ಸರಿಯಲ್ಲ. ಸಾಮಾನ್ಯ ನೆಗಡಿಯಲ್ಲೂ ಸಿಂಬಳದ ಬಣ್ಣ ಬದಲಾಗುತ್ತದೆ. ಜ್ವರ ಎರಡು ಮೂರು ದಿನಕ್ಕೆ ಇಳಿದರೂ ಕೆಮ್ಮು ಎರಡು ವಾರ, ಕೆಲವೊಮ್ಮೆ ಮೂರು ವಾರವೂ ಉಳಿಯಬಹುದು. ಐದನೆಯ ದಿನ ಕೊಟ್ಟ ಔಷಧಿಯಿಂದ ಎಂಟನೆಯ ದಿನ ಗುಣವಾಯಿತೆಂದು ನಾವು ತಿಳಿಯುತ್ತೇವೆ. ಔಷಧಿ ಇಲ್ಲದಿದ್ದರೂ ಆ ಹೊತ್ತಿಗೆ ಗುಣವಾಗುತ್ತಿತ್ತು.

ಬೇಡದ ಔಷಧಿ ಸುಮ್ಮನೆ ಹೊಟ್ಟೆಗೆ ಹೋಗಿ ಬರುವುದಿಲ್ಲ. ಭೇದಿ, ವಾಂತಿ, ಮೈಮೇಲೆ ಗಂಧೆ ತರಬಹುದು. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಪದೇಪದೇ ಔಷಧಿ ಕಂಡ ರೋಗಾಣುಗಳಲ್ಲಿ ಅದಕ್ಕೆ ಬಗ್ಗದವು ಉಳಿದು ಬೆಳೆಯುತ್ತವೆ, ಮನೆಯ ಇತರರಿಗೂ ಹರಡುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು. 2019ರಲ್ಲಿ ಔಷಧಿಗೆ ಬಗ್ಗದ ರೋಗಾಣುಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಅವರಲ್ಲಿ ಐವರಲ್ಲಿ ಒಬ್ಬರು ಐದು ವರ್ಷದೊಳಗಿನ ಮಕ್ಕಳು. ಇಂದು ಬರೀ ನೆಗಡಿಗೆ ನಾವು ಖರ್ಚು ಮಾಡಿದ ಔಷಧಿ, ನಾಳೆ ನಿಜವಾದ ನ್ಯುಮೋನಿಯಾ ಬಂದಾಗ ಕೆಲಸ ಮಾಡದೇ ಹೋದರೆ ಗತಿಯೇನು?

ಹಾಗೆಂದು ಆ್ಯಂಟಿಬಯೋಟಿಕ್ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ನ್ಯುಮೋನಿಯಾಕ್ಕೆ, ಬ್ಯಾಕ್ಟೀರಿಯಾದಿಂದ ಬಂದ ಗಂಟಲು ಬೇನೆಗೆ, ನಾಯಿಕೆಮ್ಮಿಗೆ ಅದು ಬೇಕೇ ಬೇಕು. ಅಂಥ ಮಗುವಿಗೆ ತಡಮಾಡುವುದೂ ಅಪಾಯವೇ. ಹಾಗಾದರೆ ಮನೆಯಲ್ಲಿ ಗುರುತಿಸುವುದು ಹೇಗೆ? ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಉಸಿರಿದ್ದರೆ ಅದು ವೇಗದ ಉಸಿರಾಟ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಲೆಕ್ಕವಿದು. ಅಂಥ ಮಗುವನ್ನು ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೇದಿಕೊಳ್ಳುವುದು, ಹಾಲು ಕುಡಿಯಲಾರದಿರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಇವುಗಳಲ್ಲಿ ಯಾವುದನ್ನು ಕಂಡರೂ ಒಂದು ಗಳಿಗೆಯನ್ನೂ ಕಳೆಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಹಾಗೆಯೇ. ಮೂರು ದಿನ ದಾಟಿದ ಜ್ವರ, ಎರಡು ವಾರ ದಾಟಿದ ಕೆಮ್ಮನ್ನೂ ವೈದ್ಯರಿಗೆ ತೋರಿಸಬೇಕು. ಕ್ಷಯದ ಪರೀಕ್ಷೆ ಬೇಕಾಗಬಹುದು.

ಈ ಯಾವ ಲಕ್ಷಣವೂ ಇಲ್ಲದೆ ಮಗು ಆಡುತ್ತ, ಉಣ್ಣುತ್ತ ಇದ್ದರೆ ಮನೆಯ ಆರೈಕೆ ಸಾಕು. ಎದೆಹಾಲು ನಿಲ್ಲಿಸಬೇಡಿ. ದೊಡ್ಡ ಮಕ್ಕಳಿಗೆ ಬಿಸಿ ಗಂಜಿ, ನೀರು ಆಗಾಗ ಕೊಡಿ. ವರ್ಷ ದಾಟಿದ ಮಗುವಿಗೆ ಸ್ವಲ್ಪ ಜೇನು ಗಂಟಲಿಗೆ ಹಿತ. ವರ್ಷದೊಳಗಿನವರಿಗೆ ಜೇನು ಬೇಡವೇ ಬೇಡ. ಅಂಗಡಿಯ ಕೆಮ್ಮಿನ ಸಿರಪ್ ಕೂಡ ಹಗುರ ಸಂಗತಿಯಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿಯನ್ನು ಓದಿದ್ದೀರಿ. ಆ ಅಕ್ಟೋಬರಿನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಬರೆಯಬಾರದೆಂದು ಹೇಳಿತು.

ಸರ್ಕಾರಗಳೂ ಕೈಕಟ್ಟಿ ಕೂತಿಲ್ಲ. 2014ರಿಂದ ಹಲವು ಪ್ರಬಲ ಆ್ಯಂಟಿಬಯೋಟಿಕ್‌ಗಳ ಮಾರಾಟವನ್ನು ಔಷಧಿ ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ, ವೈದ್ಯರ ಚೀಟಿ ಇಲ್ಲದೆ ಇದನ್ನು ಕೊಳ್ಳಬಾರದು ಎಂದು. ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡಿನ ಕನ್ನಡಿಗರು ಇದನ್ನು ಕಣ್ಣಾರೆ ನೋಡುತ್ತಿದ್ದಾರೆ: ಚೀಟಿಯಿಲ್ಲದೆ ಮಾರುವ ಅಂಗಡಿಗಳನ್ನು ಹಿಡಿಯಲು ಕೇರಳ 2024ರಲ್ಲಿ 'ಆಪರೇಷನ್ ಅಮೃತ್' ಆರಂಭಿಸಿತು. ಅದೇ ವರ್ಷದ ಜನವರಿಯಲ್ಲಿ, ಆ್ಯಂಟಿಬಯೋಟಿಕ್ ಬರೆಯುವಾಗ ಅದರ ಕಾರಣವನ್ನೂ ಚೀಟಿಯಲ್ಲಿ ಬರೆಯಿರಿ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯರನ್ನು ಕೋರಿದರು. ಆದರೆ ದವಾಖಾನೆಯ ಒಳಗೆ ನಡೆಯುವ ಮಾತುಕತೆ ಬದಲಾಗದೆ ಯಾವ ಕಾಯಿದೆಯೂ ಪೂರ್ತಿ ಫಲ ಕೊಡದು.

ಆ ಮಾತುಕತೆ ನಮ್ಮ ಕೈಯಲ್ಲಿದೆ. "ಜೋರಿನ ಔಷಧಿ ಕೊಡ್ರಿ" ಎನ್ನುವ ಬದಲು, "ಇದಕ್ಕ ಆ್ಯಂಟಿಬಯೋಟಿಕ್ ಗರಜು ಐತೇನ್ರಿ?" ಎಂದು ಕೇಳೋಣ. ಸೊಲ್ಲಾಪುರದಲ್ಲಿ ಮರಾಠಿ ವೈದ್ಯರ ಮುಂದೆ ಸಂಕೋಚಪಡಬೇಕಿಲ್ಲ. 'ಗರಜ್ ಆಹೇ ಕಾ?' ಎಂದರೆ ಸಾಕು, ಆ ಶಬ್ದ ಎರಡೂ ಭಾಷೆಯಲ್ಲಿದೆ. "ಎರಡು ದಿನ ಕಾಯಬಹುದೇ? ಏನು ಕಂಡರೆ ಮತ್ತೆ ಬರಬೇಕು?" ಎಂದೂ ಕೇಳಿ. ಬೇಕೆಂದು ಬರೆದುಕೊಟ್ಟರೆ ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಕೊಡಿ. ಅಣ್ಣನಿಗೆ ತಂದು ಉಳಿದ ಬಾಟಲಿಯ ಔಷಧಿಯನ್ನು ತಂಗಿಗೆ ಕುಡಿಸಬೇಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ: ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ. ಆಶಾ ತಾಯಿಯನ್ನು ಕೇಳಿ ಕಾರ್ಡು ನೋಡಿಕೊಳ್ಳಿ.

ಧರ್ಮಕೇಂದ್ರದ ಕುಟುಂಬ ಕೂಟಗಳಲ್ಲಿ ಉಸಿರು ಎಣಿಸುವುದನ್ನು ಒಬ್ಬರಿಗೊಬ್ಬರು ಕಲಿಸಿಕೊಡಿ. ಔಷಧಿ ಬರೆಯದೆ ಧೈರ್ಯ ಹೇಳಿ ಕಳಿಸಿದ ವೈದ್ಯರಿಗೆ ಒಂದು ಕೃತಜ್ಞತೆಯ ಮಾತನ್ನೂ ಹೇಳಿ. ಅವರು ಏನೂ ಕೊಡಲಿಲ್ಲವೆಂದಲ್ಲ, ಮಗುವನ್ನು ಸರಿಯಾಗಿ ನೋಡಿದ್ದಾರೆ.