ಮಂಜಲ್ಲಿ ನಾಲ್ಕೂ ದೀಪ ಮಿಣುಕಿಸೋ ಮಹಾನುಭಾವರೇ...

ನಮ್ಮ ತ್ಯಾಗರಾಜನಗರದಲ್ಲಿ ಹಿಮ ಬೀಳಲ್ಲ, ನಿಜ. ಹಾಗಂತ ಚಳಿಗಾಲದಲ್ಲಿ ಗಾಡಿ ಓಡಿಸೋದನ್ನ ನಾವು ಕಲೀಬೇಕಾಗಿಲ್ವೇ? ಡಿಸೆಂಬರ್ ಬಂತು ಅಂದ್ರೆ ಭಾನುವಾರ ಬೆಳಗಿನ ಜಾವ ಅರ್ಧ ಊರು ನಂದಿಬೆಟ್ಟಕ್ಕೆ ಹೊರಟಿರುತ್ತೆ. ನಾನೂ ಹೊರಟಿದ್ದೆ. ಹಿಂದಿನ ಸೀಟಲ್ಲಿ ಮಗಳು ನಿದ್ದೆ ಮಾಡ್ತಿದ್ದಳು.

ದೇವನಹಳ್ಳಿ ಹತ್ರ ಮಂಜು ಕವಿದ್ಕೊಳ್ತು. ಮುಂದಿದ್ದ ಕಾರಿನವರು ನಾಲ್ಕೂ ಇಂಡಿಕೇಟರ್ ಮಿಣುಕಿಸ್ತಾ ಹೋಗ್ತಿದ್ದೋರು ಇದ್ದಕ್ಕಿದ್ದಂತೆ ಬಲಕ್ಕೆ ಬಂದ್ರು. ನಾಲ್ಕೂ ಮಿಣುಕ್ತಿದ್ರೆ ಅವರು ಯಾವ ಕಡೆ ಬರ್ತಾರೆ ಅಂತ ನಂಗೆ ಗೊತ್ತಾಗೋದಾದ್ರೂ ಹೇಗೆ? ಬ್ರೇಕ್ ಒತ್ತಿದೆ. ಒಂದು ಗೇಣಲ್ಲಿ ಉಳ್ಕೊಂಡ್ವಿ.

ಸ್ವಾಮಿ, ಆ ದೀಪ ಇರೋದು ಕೆಟ್ಟು ನಿಂತ ಗಾಡಿಗೆ, ಓಡೋ ಗಾಡಿಗಲ್ಲ! “ಹಿಂದಿನವರಿಗೆ ಕಾಣ್ಲಿ ಅಂತ” ಅಂತೀರಾ? ಹೆಡ್‌ಲೈಟ್ ಹಾಕಿದ್ರೆ ಹಿಂದಿನ ಕೆಂಪು ದೀಪ ತಾನೇ ಹತ್ತುತ್ತಲ್ಲ, ಅದು ಯಾತಕ್ಕಿದೆ?

ಇನ್ನು ಹೈ ಬೀಮ್ ಶೂರರು. ಮಂಜು ಅಂದ್ರೆ ನೀರಿನ ಹನಿ. ಬೆಳಕು ಅದಕ್ಕೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಲೋ ಬೀಮ್ ಹಾಕಿ, ಫಾಗ್ ಲ್ಯಾಂಪ್ ಇದ್ರೆ ಅದನ್ನೂ ಹಾಕಿ.

ಎಲ್ಲಕ್ಕಿಂತ ಮುಖ್ಯ, ನಿಧಾನ. ಗಂಟೆಗೆ 80 ಕಿ.ಮೀ. ಅಂದ್ರೆ ಸೆಕೆಂಡಿಗೆ 22 ಮೀಟರ್. ಕಾಣೋದೇ 50 ಮೀಟರ್ ಆದ್ರೆ, ಕಾಲು ಬ್ರೇಕ್ ಮೇಲೆ ಬೀಳೋಷ್ಟರಲ್ಲಿ ಹೆಚ್ಚುಕಮ್ಮಿ ಅರ್ಧ ದೂರ ಮುಗಿದಿರುತ್ತೆ.

ಅವತ್ತು ನಾವು ಸೂರ್ಯೋದಯ ನೋಡ್ಲಿಲ್ಲ. ರಸ್ತೆ ಬಿಟ್ಟು ಒಳಗಿದ್ದ ಟೀ ಅಂಗಡೀಲಿ ಕೂತು, ಮಂಜು ಕರಗಿದ ಮೇಲೆ ಹೊರಟ್ವಿ. ಸೂರ್ಯ ನಾಳೆನೂ ಹುಟ್ತಾನೆ ಬಿಡಿ. ಏನಂತೀರಾ?