ಜೋಡಿ ಪದವಿಯ ವ್ಯಾಸಂಗ: ಜಮೀನುದಾರರಿಗೆ ಒಂದು ವಿಜ್ಞಾಪನೆ

ದಾವಣಗೆರೆ, ಹರಿಹರ ತಾಲ್ಲೂಕುಗಳ ಗ್ರಾಮಮುಖಂಡರೂ ಜಮೀನುದಾರರೂ ಬಿತ್ತನೆಯ ಭತ್ತವನ್ನು ಆರಿಸುವಾಗ ತೋರುವ ಜಾಗರೂಕತೆಯನ್ನು ಮಕ್ಕಳ ವಿದ್ಯಾಭ್ಯಾಸಕ್ರಮವನ್ನು ಆರಿಸುವಾಗಲೂ ತೋರಬೇಕೆಂದು ನಮ್ಮ ವಿಜ್ಞಾಪನೆ. ಎರಡು ಪದವಿಗಳನ್ನು ಕೂಡಿಸಿ ಕಾಲವನ್ನು ಉಳಿಸುವ ವ್ಯಾಸಂಗಕ್ರಮಗಳು ಈಗ ಬಳಕೆಗೆ ಬಂದಿವೆ. ಕಾಲವು ಉಳಿಯುವುದು ನಿಜವೇ. ಆದರೆ ನಡುವೆ ಬಿಡಬೇಕಾಗಿ ಬಂದರೆ ಕೈಗೆ ಏನು ಸಿಕ್ಕುವುದೆಂದು ವಿಚಾರಿಸುವವರು ವಿರಳ.

ಕಾನೂನು ವ್ಯಾಸಂಗವನ್ನು ನೋಡಿರಿ. ಮೊದಲು ಬಿ.ಎ. ಮುಗಿಸಿ ಆಮೇಲೆ ಎಲ್‌ಎಲ್.ಬಿ. ಓದುವವನಿಗೆ ಒಟ್ಟು 6 ವರುಷಗಳು ಬೇಕು, ಪಿ.ಯು. ತರಗತಿಯಾದೊಡನೆ ಎರಡನ್ನೂ ಕೂಡಿಸಿ ಓದುವವನಿಗೆ 5 ವರುಷಗಳು ಸಾಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1988ರಲ್ಲಿ ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದು ಈ ಕ್ರಮದಲ್ಲಿಯೇ. ಆದರೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಈ ಜೋಡಿಯನ್ನು ನಡುವೆ ಒಡೆದು ಒಂದು ಪದವಿಯನ್ನು ಮಾತ್ರ ಕೊಡುವಂತಿಲ್ಲ. ಮೂರು ವರುಷ ಓದಿ ಊರಿಗೆ ಮರಳಿದವನು ಪದವೀಧರನೂ ಅಲ್ಲ, ವಕೀಲನೂ ಅಲ್ಲ. ಅದೇ ಮೂರು ವರುಷಗಳಲ್ಲಿ ಬಿ.ಎ. ಪೂರೈಸಿದವನಿಗೆ ಒಂದು ಪದವಿಯಾದರೂ ದಕ್ಕಿರುವುದು.

ಭದ್ರಾ ನಾಲೆಯ ಕೊನೆಯಂಚಿನ ಗದ್ದೆಗಳಿಗೆ ನೀರು ತಲಪದ ವರುಷವೊಂದು ಬಂದರೆ, ದೂರದೂರಿನ ವಿದ್ಯಾರ್ಥಿನಿಲಯಕ್ಕೆ ಕಟ್ಟಬೇಕಾದ ಹಣಕ್ಕೆ ಎಷ್ಟು ಪೇಚಾಟವೆಂಬುದು ತಮಗೆ ತಿಳಿಯದ ವಿಷಯವಲ್ಲ. ಆದುದರಿಂದ ಐದು ವರುಷಗಳ ವೆಚ್ಚಕ್ಕೆ ಬೆಳೆಯ ಹೊರತು ಬೇರೆ ಆಧಾರವಿಲ್ಲದವರು ಹಂತಹಂತವಾಗಿ ಓದಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ದಾವಣಗೆರೆಯಲ್ಲಿ 1979ರಲ್ಲಿ ಆರಂಭವಾದ ಸ್ನಾತಕೋತ್ತರ ಕೇಂದ್ರವು 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಗಿದೆ. ಹರಿಹರದ ಹುಡುಗನು ಬಿ.ಎ., ಎಂ.ಎ. ಎರಡಕ್ಕೂ ಮನೆಯ ಊಟವನ್ನುಂಡು ಬಸ್ಸಿನಲ್ಲಿ ಹೋಗಿಬರಬಹುದು. ಇದರಲ್ಲಿ ಉಳಿಯುವ ಹಣವು ಒಂದು ವರುಷದ ಉಳಿತಾಯಕ್ಕೆ ಕಡಮೆಯಾದುದಲ್ಲ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2024ರಲ್ಲಿ ಮತ್ತೊಂದು ಮಾರ್ಗಕ್ಕೆ ಒಪ್ಪಿಗೆಯಿತ್ತಿತು. ಚುರುಕಾದ ವಿದ್ಯಾರ್ಥಿಯು ಮೂರು ವರುಷಗಳ ಪದವಿಯನ್ನು ಎರಡೂವರೆ ವರುಷಗಳಲ್ಲಿ ಮುಗಿಸಬಹುದು. ಪಾಠದ ಹೊರೆ ಮಾತ್ರ ಎಳ್ಳಷ್ಟೂ ಇಳಿಯದು. ಅಲ್ಪಾವಧಿಯ ಭತ್ತದ ಸಸಿಮಡಿಯಲ್ಲಿ ಪೈರು ಬಲಿತ ಮೇಲೆ ನಾಟಿ ಮಾಡಿದವರಿಗೆ ಇದರ ಮರ್ಮವು ಗೊತ್ತು: ಅದಕ್ಕೆ ಚೇತರಿಸಿಕೊಳ್ಳಲು ದಿನಗಳೇ ಇರುವುದಿಲ್ಲ. ಅಲ್ಲದೆ ಮೇಲಿನ ತರಗತಿಯು ವರುಷಕ್ಕೊಮ್ಮೆ ಮಾತ್ರ ಆರಂಭವಾಗುವಲ್ಲಿ ಉಳಿಸಿದ ಆರು ತಿಂಗಳು ಮನೆಯ ಜಗುಲಿಯ ಮೇಲೆಯೇ ಕಳೆದುಹೋಗುವುದು.

ನಮ್ಮ ರಾಜ್ಯದ ಕಾಲೇಜುಗಳಲ್ಲಿ 2021ರಲ್ಲಿ ನಾಲ್ಕು ವರುಷಗಳ ಆನರ್ಸ್ ಕ್ರಮವು ಬಂದು, 2024ರಲ್ಲಿ ಪುನಃ ಮೂರು ವರುಷಗಳ ಪದವಿಯು ನೆಲೆಗೊಂಡಿತು. ಹೀಗೆ ಕ್ರಮಗಳು ಬದಲಾಗುವುದರಿಂದ, ಪ್ರವೇಶದ ಹಣವನ್ನು ಕಟ್ಟುವುದಕ್ಕೆ ಮುಂಚೆಯೇ ಎಷ್ಟನೆಯ ವರುಷದಲ್ಲಿ ಯಾವ ಪದವಿಪತ್ರ ದೊರೆಯುವುದೆಂದು ಕಾಲೇಜಿನಿಂದ ಬರೆಹದಲ್ಲಿಯೇ ಕೇಳಿ ಪಡೆಯತಕ್ಕದ್ದು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ನಾವು ಬೇರೆ ರೀತಿಯಾಗಿ ಆಲೋಚಿಸುತ್ತೇವೆ. ಬಿ.ಎ. ಮುಗಿಯಿತೆಂದೊಡನೆ ಮದುವೆಯ ಮಾತೆತ್ತುವ ನೆಂಟರು ಯಾವ ಊರಿನಲ್ಲಿಲ್ಲ? ಮೂರನೆಯ ವರುಷದಲ್ಲಿ ಬಾಗಿಲಿಲ್ಲದ ಜೋಡಿ ಪದವಿಗೆ ಸೇರಿದ ಮಗಳನ್ನು ಓದು ಬಿಡಿಸಬೇಕಾದರೆ ಕಟ್ಟಿದ ಹಣವೂ ಕಳೆದ ಕಾಲವೂ ವ್ಯರ್ಥವಾಗುವುವು. ಆ ನಷ್ಟದ ಅಂಜಿಕೆಯಿಂದಲಾದರೂ ಮನೆಯವರು ಇನ್ನೆರಡು ವರುಷ ತಾಳುವರು.