ಪರಂಗಿಮಲೆಯ ಮೆಟ್ಟಿಲುಗಳು

ಕ್ರಿಸ್‌ಮಸ್ ರಜೆ ಬಂದೊಡನೆ ಚೆನ್ನೈನಲ್ಲಿ ನೆಲೆಸಿರುವ ನಮ್ಮವರಲ್ಲಿ ಬಹುಮಂದಿ ಬೆಂಗಳೂರಿನ ರೈಲು ಹತ್ತುವುದು ವಾಡಿಕೆ. ಕಳೆದ ವರ್ಷ ನಾವು ಹಾಗೆ ಮಾಡದೆ, ಮನೆಮಂದಿಯೆಲ್ಲ ಕೂಡಿ ಈ ಊರಿನಲ್ಲೇ ಇರುವ ಸಂತ ತೋಮನ ಮೂರು ಕ್ಷೇತ್ರಗಳನ್ನು ದರ್ಶಿಸಿ ಬಂದೆವು. ನಾವು ಕ್ರೈಸ್ತರಲ್ಲ. ಆದರೂ ಇಪ್ಪತ್ತು ವರ್ಷ ಅನ್ನವಿಟ್ಟ ಊರಿನ ಪುಣ್ಯಸ್ಥಳಗಳನ್ನು ನೋಡದೆ ಉಳಿದುದು ನನಗೆ ನಾಚಿಕೆಯ ವಿಷಯವಾಗಿತ್ತು.

ಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮನು ಕ್ರಿ.ಶ. 52ರಲ್ಲಿ ಕೇರಳದ ತೀರಕ್ಕೆ ಬಂದು, 72ರಲ್ಲಿ ಇಲ್ಲಿಯ ಬೆಟ್ಟದ ಮೇಲೆ ಹತನಾದನೆಂಬುದು ಪರಂಪರೆಯ ನಂಬಿಕೆ. ಸಾಂತೋಮಿನ ಬೆಸಿಲಿಕವು ಅವನ ಸಮಾಧಿಯ ಮೇಲೆ ನಿಂತಿದೆ. ಈಗಿನ ಕಟ್ಟಡ 1896ರಲ್ಲಿ ಪೂರ್ಣಗೊಂಡಿತು. ಅವನ ಅಸ್ಥಿಗಳೆಂದು ಪೂಜಿಸಲ್ಪಡುವವು ಮಾತ್ರ 1258ರಿಂದ ಇಟಲಿಯ ಒರ್ತೋನ ಪಟ್ಟಣದಲ್ಲಿವೆ. "ಹಾಗಾದರೆ ಇಲ್ಲೇನಿದೆ ಅಪ್ಪಾ?" ಎಂದು ಮಗಳು ಕೇಳಿದಳು. ನಂಬಿಕೆಯನ್ನೂ ದಾಖಲೆಯನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯಬೇಕೆಂಬುದು ಬ್ಯಾಂಕಿನ ಉದ್ಯೋಗ ನನಗೆ ಕಲಿಸಿದ ಪಾಠ. ಅವಳಿಗೂ ಹಾಗೆಯೇ ಹೇಳಿದೆ. ಅವಳ ಅಜ್ಜಿಗೆ ಅಂಥ ತೊಡಕೇನೂ ಇರಲಿಲ್ಲ. ಅವರು ಆಗಲೇ ಕೈಮುಗಿದು ಕುಳಿತಿದ್ದರು.

ಸೈದಾಪೇಟೆಯ ಬಳಿ ಅಡಯಾರು ನದಿಯನ್ನು ದಾಟಿ, ಚಿನ್ನಮಲೆಯ ಗುಹೆಯನ್ನು ನೋಡಿಕೊಂಡು, ಪರಂಗಿಮಲೆಯ ತಪ್ಪಲನ್ನು ತಲುಪುವ ಹೊತ್ತಿಗೆ ಬಿಸಿಲೇರಿತ್ತು. ಮೇಲಿನವರೆಗೆ ವಾಹನದ ರಸ್ತೆಯಿದೆ. ಆದರೆ ಮಂಡಿನೋವಿನ ನನ್ನ ತಾಯಿಯವರು "ಕ್ಷೇತ್ರಕ್ಕೆ ಬಂದು ಗಾಡಿಯಲ್ಲಿ ಹತ್ತುವುದೇ?" ಎಂದು ಮೆಟ್ಟಿಲುಗಳತ್ತಲೇ ನಡೆದರು. ಅಲ್ಲಲ್ಲಿ ಕುಳಿತು, ನೀರು ಕುಡಿದು, ಮುಕ್ಕಾಲು ಗಂಟೆಯಲ್ಲಿ ಹತ್ತಿದರು. ನಡುವೆ ಒಮ್ಮೆ ಕುಳಿತಾಗ ಅವರು ಕೇಳಿದ್ದು ಸಂತನ ವಿಷಯವನ್ನಲ್ಲ. "ಈ ಮೆಟ್ಟಿಲು ಕಟ್ಟಿಸಿದ ಪುಣ್ಯಾತ್ಮ ಯಾರಪ್ಪ?"

ಆತನ ಹೆಸರು ಕೋಜಾ ಪೆಟ್ರುಸ್ ಉಸ್ಕಾನ್. ಹದಿನೆಂಟನೆಯ ಶತಮಾನದಲ್ಲಿ ಮದರಾಸಿಗೆ ಬಂದು ನೆಲೆಸಿದ ಆರ್ಮೇನಿಯನ್ ವ್ಯಾಪಾರಿ. ನಾವು ಅಂದು ದಾಟಿ ಬಂದ ಸ್ಥಳದಲ್ಲೇ 1726ರಲ್ಲಿ ಅಡಯಾರಿಗೆ ಸ್ವಂತ ಹಣದಿಂದ ಸೇತುವೆಯನ್ನು ಕಟ್ಟಿಸಿದವನೂ ಅವನೇ. ಆ ಹಳೆಯ ಸೇತುವೆ ಈಗಿಲ್ಲ, ಅದರ ಸ್ಥಾನದಲ್ಲಿ ಹೊಸದು ಬಂದಿದೆ. ನನ್ನನ್ನು ಹೆಚ್ಚು ಸೆಳೆದ ಸಂಗತಿಯೆಂದರೆ, ಉಸ್ಕಾನನು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ; ಸೇತುವೆಯ ದುರಸ್ತಿಗೆಂದು ನಿಧಿಯನ್ನೂ ಇಟ್ಟನು. ಉದ್ಘಾಟನೆಗೆ ಹಣ ಕೊಡುವವರು ಎಲ್ಲ ಕಾಲದಲ್ಲಿಯೂ ಸಿಗುತ್ತಾರೆ. ಸುಣ್ಣಬಣ್ಣಕ್ಕೆ, ಸಡಿಲಗೊಂಡ ಕಲ್ಲಿಗೆ ಕೊಡುವವರು ಅಪರೂಪ.

ನಾವೂ ಈ ಊರಿಗೆ ಹೊಟ್ಟೆಪಾಡಿಗಾಗಿ ಬಂದವರೇ. ನಮ್ಮ ಹಿರಿಯರು ಇಲ್ಲಿ ಶಾಲೆ ಕಟ್ಟಿದರು. ನಮ್ಮ ಪೀಳಿಗೆಯವರು ರಾಜ್ಯೋತ್ಸವದ ಊಟ, ಆರ್ಕೆಸ್ಟ್ರಾ, ಸನ್ಮಾನದ ಶಾಲುಗಳಲ್ಲೇ ವರ್ಷದ ವಂತಿಗೆಯನ್ನು ತೀರಿಸುತ್ತಿದ್ದೇವೆಂದರೆ ಯಾರೂ ಕೋಪಿಸಿಕೊಳ್ಳಬಾರದು. ಆ ಶಾಲು ನನಗೂ ಒಂದು ಬಂದಿದೆ. ಈ ಸಂಚಿಕೆಯಲ್ಲಿ ವೈದ್ಯ ಮಹಾಶಯರು ಆರೋಗ್ಯದ ಕುರಿತು ಬರೆದಿರುವುದನ್ನು ಓದಿ ಮಡಿಸಿಟ್ಟರೆ ಸಾಲದು. ಸಂಘವು ಒಂದು ಶಾಶ್ವತ ಠೇವಣಿಯನ್ನಿಟ್ಟು, ಅದರ ಬಡ್ಡಿಯಿಂದ ತಿಂಗಳಿಗೊಂದು ದಿನ ನಮ್ಮ ಬಡಾವಣೆಯ ವೃದ್ಧರಿಗೆ ರಕ್ತದೊತ್ತಡ, ಸಕ್ಕರೆ, ಕೀಲುನೋವಿನ ತಪಾಸಣೆಯನ್ನು ಏರ್ಪಡಿಸಬೇಕೆಂದು ನನ್ನ ಅಭಿಪ್ರಾಯ. ಅದು ಕನ್ನಡಿಗರಿಗೆ ಮಾತ್ರವೆಂಬ ನಿಬಂಧನೆ ಕೂಡದು. ಉಸ್ಕಾನನ ಮೆಟ್ಟಿಲುಗಳನ್ನು ಹತ್ತುವ ಮುನ್ನ ನನ್ನ ತಾಯಿಯವರನ್ನು ಯಾರೂ ಭಾಷೆ ಕೇಳಲಿಲ್ಲ.

ಇಳಿಯುವಾಗ ಮಂಡಿಗೆ ಭಾರ ಹೆಚ್ಚೆಂದು ಒಪ್ಪಿಸಿ ಅವರನ್ನು ವಾಹನದಲ್ಲೇ ಕರೆತಂದೆವು. ಸಲಹೆಯನ್ನು ಮುಂದಿನ ವಾರ್ಷಿಕ ಸಭೆಯಲ್ಲಿ ಲಿಖಿತವಾಗಿ ಮಂಡಿಸುತ್ತೇನೆ. ಮೊದಲ ಕಂತು ತಾಯಿಯವರ ಹೆಸರಿನಲ್ಲಿ ಸಿದ್ಧವಾಗಿದೆ.